ನೀರಿನ ಯಂತ್ರ

೨೦೨೫ರ ಮೇ ೩, ಶನಿವಾರ, ಬೆಳಿಗ್ಗೆ ೬.೧೦ಕ್ಕೆ ಮಧುಮತಿಯ ಡಯಾಲಿಸಿಸ್ ಕೇಂದ್ರದಲ್ಲಿ ನೀರು ಶುದ್ಧಗೊಳಿಸುವ ಯಂತ್ರ ನಿಂತುಹೋಯಿತು. ಆ ನೀರಿಲ್ಲದೆ ಡಯಾಲಿಸಿಸ್ ಇಲ್ಲ. ಅಗ್ಗವೆಂದು ಅವಳೇ ಹೊರದೇಶದ ಕಂಪನಿಯೊಂದರಿಂದ ತರಿಸಿದ್ದ ಯಂತ್ರ; ಆ ಕಂಪನಿಗೆ ಮಂಗಳವಾರದವರೆಗೆ ರಜೆ.

ದುಬಾರಿಯೆಂದು ಅವಳು ಬಿಟ್ಟಿದ್ದ ಇಂಥದೇ ಯಂತ್ರಗಳ ಕತ್ರಿಗುಪ್ಪೆಯ ತಯಾರಕ ಸಿದ್ದಾರೂಢ, ಕರೆದ ಇಪ್ಪತ್ತೇ ನಿಮಿಷಕ್ಕೆ ಬಂದ. ಮುಚ್ಚಳ ಬಿಚ್ಚಿ ನೋಡಿದವನು ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಬಿಗಿದ. "ಬೋರ್ಡ್ ಸುಟ್ಟಿದೆ ಮೇಡಂ. ನಮ್ಮದು ಇದಕ್ಕೆ ಕೂರಲ್ಲ. ನಮ್ಮ ಮಿಷಿನ್ ಆಗಿದ್ರೆ ಈಗ್ಲೇ ಬದಲಾಯಿಸ್ತಿದ್ದೆ."

ಬೇರೆ ಕೇಂದ್ರಗಳಲ್ಲೂ ಅಂದು ಜಾಗವಿರಲಿಲ್ಲ. ಮೊದಲ ರೋಗಿ ಯಲ್ಲಪ್ಪ ಊದಿದ ಪಾದಗಳಿಂದ ಚಪ್ಪಲಿ ಕಳಚುತ್ತ ನಕ್ಕ: "ನನಗ ನೀರ ಕುಡೀಬ್ಯಾಡ ಅಂತೀರಿ. ನಿಮ್ಮ ಮಿಷನ್ನಿಗೂ ಹಂಗ ಹೇಳೀರೇನ್ರಿ ಮೇಡಂ?" ಉತ್ತರಕ್ಕೆ ಕಾಯದೆ, ಎಂದಿನಂತೆ ತಾನೇ ತೂಕದ ಯಂತ್ರ ಹತ್ತಿದ. ಮಧುಮತಿ ಬರೆದುಕೊಂಡಳು: ಹಿಂದಿನ ಡಯಾಲಿಸಿಸ್‌ನಿಂದೀಚೆಗೆ ಏರಿದ ತೂಕ, ಅಂದರೆ ಮೈಯಲ್ಲಿ ನಿಂತ ನೀರು, ೪.೨ ಕಿಲೋ.