ಸೀಸದ ಅಟ್ಟೆಯ ಚಪ್ಪಲಿ

ಸುಳ್ಳು ಹೇಳಿದವರು ಗಾಳಿಯಲ್ಲಿ ಮೇಲೇರುವ ನಾಡಿನಲ್ಲಿ ಶಿವಗಂಗಾ ಮೊದಲು ಸಚಿವ ಮೌಳೆಪ್ಪನವರಿಗೆ ಭಾಷಣ ಬರೆಯುತ್ತಿದ್ದಳು. ಅವರು ಪೆಂಡಾಲಿಗೆ ತಲೆ ತಾಗಿಸಿಕೊಂಡೇ ಓದಿ ಮುಗಿಸುತ್ತಿದ್ದರು. ಆಮೇಲೆ ಪತ್ರಕರ್ತೆಯಾಗಿ, ಅಳತೆ ಟೇಪು ಹಿಡಿದು ಯಾರು ಎಷ್ಟು ಅಡಿ ಏರಿದರೆಂದು ದಿನಾ ಬರೆದಳು. ಇಪ್ಪತ್ತೇಳನೇ ವಯಸ್ಸಿಗೆ, ಎಂಥ ಸುಳ್ಳಿಗೂ ನೆಲ ಬಿಡದ ಸೀಸದ ಅಟ್ಟೆಯ ಚಪ್ಪಲಿಗಳ ಅಂಗಡಿಯನ್ನು ತುಮಕೂರಿನಲ್ಲಿ ತೆರೆದಳು.

ಅಂಗಡಿ ಪೂಜೆಗೆ ಮೌಳೆಪ್ಪನವರೇ ಬಂದರು. ಪತ್ರಿಕೆಯವರೂ ಟೇಪು ಹಿಡಿದು ಬಂದರು.

"ಏನಮ್ಮಾ, ನಾನು ಹದಿನಾಲ್ಕು ಅಡಿ ಏರಿದೆ ಅಂತ ಬರೆದ್ಯಲ್ಲ?"

"ಹದಿನಾಲ್ಕೂವರೆ ಸಾರ್. ನಿಮ್ಮ ಉಪ್ಪು ತಿಂದಿದ್ದೆ, ಅರ್ಧ ಬಿಟ್ಟೆ."

ಮೌಳೆಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. "ಈಗಿನವರು ಬರೆದ ಭಾಷಣ ಓದಿದ್ರೆ ನಾಲ್ಕಡೀನೂ ಏರಲ್ಲ ಕಣಮ್ಮ. ನಿಂಗೆ ಮತ್ತೆ ಬರೆಯೋ ಆಸೆ ಆಗಲ್ವಾ?"

"ಅಯ್ಯೋ, ಒಂದು ದಿನಾನೂ ಆಗಿಲ್ಲ ಸಾರ್!"

ಪೂಜೆಗೆಂದು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟದ್ದು ಆಗ ಅವಳಿಗೆ ನೆನಪಾಯಿತು. ಅಷ್ಟರಲ್ಲಿ ನೆತ್ತಿ ತಾರಸಿಗೆ ಬಡಿದಿತ್ತು. ಕೆಳಗೆ ಟೇಪುಗಳು ಸರಸರನೆ ಬಿಚ್ಚಿಕೊಂಡವು.

"ಹತ್ತೇ ಅಡಿ ಅಂತ ಬರ್ಕೋಬೇಡ್ರಪ್ಪಾ!" ಮೇಲಿನಿಂದಲೇ ಕೂಗಿದಳು ಶಿವಗಂಗಾ. "ತಾರಸಿ ಅಡ್ಡ ಬಂತು!"