ಬಿಜಲಿ ನಿಂತಿತು

ಬಾಂದ್ರಾದ ಸಿಗ್ನಲ್ ದಾಟಿದ್ದೇ ತಡ, ಬಿಜಲಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಕುದುರೆಯ ಮೇಲೆ ಮದುಮಗ. ಹಿಂದೆ ಬ್ಯಾಂಡು. ಅದರ ಹಿಂದೆ ಬಸ್ಸು, ರಿಕ್ಷಾ, ಟೆಂಪೊ, ಎಲ್ಲವೂ ಒಟ್ಟಿಗೆ ಹಾರ್ನ್ ಒತ್ತುತ್ತಿದ್ದವು.

ಗುರುಬಾಯಿ ಲಗಾಮು ಜಗ್ಗಿದಳು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಹೊಡಿಯಬೇ ಅದಕ್ಕ!" ಬ್ಯಾಂಡಿನ ಗುತ್ತಿಗೆದಾರ ಸಿದ್ದರಾಮಪ್ಪ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. "ಮದ್ಲ ಹೇಳೀನಿಲ್ಲ? ಇವತ್ತೂ ಕೈಕೊಟ್ರ ನಾಳಿಂದ ನಿನ್ನ ಕುದುರಿ ನನ್ನ ಬ್ಯಾಂಡಿನ ಮುಂದ ಇರಂಗಿಲ್ಲ."

ಹೇಳಿದ್ದು ನಿಜ. ಬ್ಯಾಂಡಿನ ಕೆಲಸ ಹೋದರೆ ಬಿಜಲಿಯನ್ನು ಮಾಥೇರಾನಿನ ಕಡೆಯವರಿಗೆ ಮಾರುವುದೊಂದೇ ದಾರಿ. ಅಲ್ಲಿ ಗುಡ್ಡದ ಮೇಲಕ್ಕೆ ಗ್ಯಾಸ್ ಸಿಲಿಂಡರ್ ಹೊರಬೇಕು. ಬಿಜಲಿಯ ಮೊಣಕಾಲು ಒಂದು ಮಳೆಗಾಲ ತಾಳಿದರೆ ಹೆಚ್ಚು. ಗುರುಬಾಯಿಗೆ ಅದು ಗೊತ್ತಿತ್ತು.

ತಪ್ಪು ಕುದುರೆಯದ್ದಲ್ಲ, ಅದು ಕಲಿತ ಶಾಲೆಯದ್ದು. ಗುರುಬಾಯಿ ಕೊಳ್ಳುವ ಮೊದಲು ಅದು ಜುಹೂ ಬೀಚಿನಲ್ಲಿ ಮಕ್ಕಳನ್ನು ಹೊರುತ್ತಿತ್ತು. ಭೇಲ್‌ಪುರಿ ಗಾಡಿಯಿಂದ ತೆಂಗಿನಮರದ ತನಕ, ಅಲ್ಲಿಂದ ವಾಪಸು. ಹಾಗಾಗಿ ಮೊದಲ ಮದುವೆಯಲ್ಲಿ ಸರಿಯಾಗಿ ಅಷ್ಟೇ ದೂರ ಹೋಗಿ, ತಿರುಗಿ, ಮದುಮಗನನ್ನು ಅವನ ಮನೆ ಬಾಗಿಲಿಗೇ ತಂದು ಬಿಟ್ಟಿತ್ತು. ಎರಡನೆಯದರಲ್ಲೂ ಅದೇ ಕತೆ.

ಮೂರನೆಯದು ಸುಕೇಶನ ಮದುವೆ. ಅವನ ಅಪ್ಪನದು ಫೋರ್ಟ್‌ನಲ್ಲಿ ಉಡುಪಿ ಹೋಟೆಲ್. ಮಾವನಾಗಬೇಕಿದ್ದ ಅಣ್ಣು ಶೆಟ್ಟರದು ಬಾಂದ್ರಾದಲ್ಲಿ ಇನ್ನೊಂದು. ಎರಡು ಹೋಟೆಲ್ ಒಂದಾಗಲು ಸುಕೇಶನೂ ಶೆಟ್ಟರ ಮಗಳು ನಮಿತಾಳೂ ಮದುವೆಯಾದರೆ ಸಾಕು ಎಂದು ಹಿರಿಯರು ತೀರ್ಮಾನಿಸಿದ್ದರು. ಅವರಲ್ಲಿ ಕುದುರೆಯ ಪದ್ಧತಿ ಇಲ್ಲ. ಕಾರನ್ನೂ ಗೊತ್ತುಮಾಡಿದ್ದರು. ಕುದುರೆಯೇ ಬೇಕೆಂದು ಹಟ ಹಿಡಿದವನು ಸುಕೇಶ. ಹಟ ಹಿಡಿದವನೇ ಕಲಿಯಲೆಂದು ಕುರ್ಲಾದಲ್ಲಿದ್ದ ಗುರುಬಾಯಿಯ ಲಾಯಕ್ಕೆ ಬಂದು ಬಾಗಿಲಲ್ಲೇ ನಿಂತಿದ್ದ.

"ಅಕ್ಕಾ, ನಂಗೆ ಕುದುರೆ ಅಂದ್ರೆ ಹೆದರಿಕೆ ಉಂಟು."

"ಅದಕ್ಕೂ ನಿಮ್ಮನ್ನ ಕಂಡ್ರ ಅಂಜಿಕಿ ಅದ. ಜೋಡಿ ಚಲೋ ಆಯ್ತು ಬರ್ರಿ."

ಮೊದಲ ದಿನ ಅವನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಬಿದ್ದ. ಬಿಜಲಿ ಬೆಚ್ಚಿ ಗೋಡೆಗೆ ಒತ್ತಿಕೊಂಡಿತು. ಮರುದಿನ ಅವನು ಹೋಟೆಲಿನಿಂದ ಬನ್ಸ್ ತಂದ. ಕುದುರೆ ಬನ್ಸನ್ನೂ ತಿಂದಿತು, ಕಟ್ಟಿದ್ದ ಕಾಗದವನ್ನೂ ತಿಂದಿತು. ಅಲ್ಲಿಂದ ಇಬ್ಬರಿಗೂ ಹೊಂದಿಕೆಯಾಯಿತು. ಅವನು ಬೆನ್ನು ಬಿಗಿದು ಕೂತರೆ ಅದೂ ಬಿಗಿಯುತ್ತಿತ್ತು. ಅವನು ಉಸಿರು ಬಿಟ್ಟರೆ ಅದೂ ಬಿಡುತ್ತಿತ್ತು. ಪಟಾಕಿಗೆ ಮೊದಮೊದಲು ಇಬ್ಬರೂ ಹಾರಿಬಿದ್ದರು, ಆಮೇಲೆ ಇಬ್ಬರೂ ಸುಮ್ಮನಾದರು. ಅರ್ಧಕ್ಕೆ ತಿರುಗುವ ಚಾಳಿ ಬಿಟ್ಟಿತು. ಅವನ ಬೈಕಿನ ಸದ್ದು ಕೇಳಿದರೆ ಬಿಜಲಿ ಕೆನೆಯತೊಡಗಿತು. ಮೂರು ಹೊತ್ತು ಮೇವು ಹಾಕುವ ಗುರುಬಾಯಿಗಾಗಿ ಅದು ಒಮ್ಮೆಯೂ ಕೆನೆದಿರಲಿಲ್ಲ.

"ಹುಡುಗಿ ಹೆಂಗದಾಳ್ರಿ?" ಎಂದು ಒಂದು ದಿನ ಕೇಳಿದಳು.

"ಒಳ್ಳೆಯವಳು. ನಂಗಿಂತ ಧೈರ್ಯ ಜಾಸ್ತಿ."

ಗುರುಬಾಯಿಗೆ ಇದ್ದದ್ದು ಒಂದೇ ತಕರಾರು. ಅವನು ಬನ್ಸ್ ಕೊಡುತ್ತಿದ್ದುದು ಕುದುರೆ ನಿಂತಾಗ.

"ನಡಿವಾಗ ಕೊಡ್ರಿ ಸಾವ್ಕಾರ್ರ. ನಿಂತಾಗ ಕೊಟ್ರ ನಿಲ್ಲೂದ ಕಲೀತದ."

"ಹೌದಲ್ಲ, ಮರೆತೇಹೋಯ್ತು ಮಾರಾಯ್ತಿ," ಎಂದವನು ಮರುದಿನವೂ ಮರೆತ.

ಈಗ ನಡುರಸ್ತೆಯಲ್ಲಿ ಅದರ ಫಲ ಉಣ್ಣುವ ಸರದಿ ಅವಳದು. ಬೆಲ್ಲ ತೋರಿಸಿದಳು. ಬ್ಯಾಂಡಿನವರು ಹಿಂದಿನಿಂದ ತಳ್ಳಿದರು. ಟ್ರಾಫಿಕ್ ಹವಾಲ್ದಾರ ಮರಾಠಿಯಲ್ಲಿ ಕುದುರೆಗೇ ಬೈದ. ಅದು ಅಲ್ಲಾಡಲಿಲ್ಲ.

"ಇಳಿ ಮಗಾ, ಕಾರಲ್ಲಿ ಹೋಗುವ," ಎಂದರು ಸುಕೇಶನ ತಾಯಿ ವಿನೋದಿನಿ. "ಮುಹೂರ್ತ ಮೀರ್ತದೆ."

"ಮಧ್ಯದಲ್ಲಿ ಇಳಿದ್ರೆ ಅಪಶಕುನ ಅಂತಾರಮ್ಮ."

"ಯಾರು ಅಂತಾರೆ?"

"ಎಲ್ಲರೂ."

ಮದುವೆಯ ಹಾಲ್‌ನಿಂದ ಫೋನಿನ ಮೇಲೆ ಫೋನು ಬಂತು. ಕೊನೆಗೆ ಅಣ್ಣು ಶೆಟ್ಟರೇ ಹೆಣ್ಣಿನ ಕಡೆಯ ಗಂಡಸರನ್ನೆಲ್ಲ ಕಟ್ಟಿಕೊಂಡು ರಸ್ತೆಗೆ ಬಂದರು. ಅವರೂ ತಳ್ಳಿದರು. ಹೆಂಗಸರು ನೋಡಲು ಬಂದರು. ಮುಹೂರ್ತ ಮೀರಿತು. ಸಿದ್ದರಾಮಪ್ಪ ಎಲ್ಲರ ಎದುರು ಗುರುಬಾಯಿಗೆ ಹೇಳಬಾರದ್ದನ್ನೆಲ್ಲ ಹೇಳಿದ. ಅವಳು ಬಿಜಲಿಯ ಮೊಣಕಾಲನ್ನೇ ನೋಡುತ್ತ ನಿಂತಳು.

ಸುಕೇಶ ಮತ್ತೊಮ್ಮೆ ಫೋನ್ ನೋಡಿ ಜೇಬಿಗಿಟ್ಟ. ಸೋತವನಂತೆ ಉದ್ದಕ್ಕೆ ಉಸಿರು ಬಿಟ್ಟ. ಬಿಜಲಿಯೂ ಬಿಟ್ಟಿತು. ಆಮೇಲೆ, ಏನೂ ಆಗಿಲ್ಲವೆಂಬಂತೆ ನಡೆಯತೊಡಗಿತು.

ಹಾಲ್ ತಲುಪಿದಾಗ ಅಲ್ಲಿ ಬೇರೆಯೇ ಗದ್ದಲ. ಮದುಮಗಳ ಕೋಣೆ ಖಾಲಿ. ಸೀರೆ ಕುರ್ಚಿಯ ಮೇಲೆ, ಮಲ್ಲಿಗೆ ಸೀರೆಯ ಮೇಲೆ. ನಮಿತಾ ಎಲ್ಲಿ ಹೋದಳು, ಯಾವಾಗ ಹೋದಳು, ಯಾರೂ ನೋಡಿರಲಿಲ್ಲ. ಎಲ್ಲರೂ ಕುದುರೆ ನೋಡುತ್ತಿದ್ದರು. ಅಣ್ಣು ಶೆಟ್ಟರು ಮೆಟ್ಟಿಲ ಮೇಲೆ ಕುಸಿದು, ಬೀಗರಾಗಬೇಕಿದ್ದವರಿಗೆ ಕೈಮುಗಿದರು. ತಪ್ಪೆಲ್ಲ ನಮ್ಮದೇ ಎಂದರು.

"ಈ ಕುದುರೆಗೆ ಗೊತ್ತಾಗಿತ್ತು!" ವಿನೋದಿನಿ ಒಮ್ಮೆಲೇ ಕೂಗಿದರು. "ನನ್ನ ಮಗ ಇಲ್ಲಿಗೆ ಬಂದು ಮಾನ ಕಳಕೊಳ್ಳೋದು ಬೇಡ ಅಂತ ತಡೆದು ನಿಲ್ಲಿಸಿತ್ತು!" ಬಗ್ಗಿ ಬಿಜಲಿಯ ಕಾಲು ಮುಟ್ಟಿದರು. ಅವರ ಹಿಂದೆ ಇನ್ನೂ ನಾಲ್ಕೈದು ಜನ ಮುಟ್ಟಿದರು.

"ನಮ್ಮ ಕುದುರಿ ಅಂದ್ರ ಸಾದಾ ಅಲ್ರಿ ತಾಯಿ," ಎಂದ ಸಿದ್ದರಾಮಪ್ಪ. "ನಾನ ಆರಿಸಿದ್ದು." ಆಮೇಲೆ ಗುರುಬಾಯಿಯ ಕಿವಿಯಲ್ಲಿ, "ಶುಕ್ರವಾರ ಚೆಂಬೂರಿನಾಗ ಮದುವಿ ಅದ. ಇದನ್ನ ತರಬೇಕು ನೋಡು."

ಸುಕೇಶ ಏಣಿ ಕೇಳದೆ, ಯಾರ ಕೈಯೂ ಹಿಡಿಯದೆ ಕೆಳಗಿಳಿದ. ಬಿಜಲಿಯ ಕುತ್ತಿಗೆಗೆ ಹಣೆ ಇಟ್ಟು ನಿಂತ. ಪಾಪ, ಅಳುತ್ತಿದ್ದಾನೆ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅವನು ಹೇಳಿದ್ದು ಕೇಳಿಸಿದ್ದು ಲಗಾಮು ಹಿಡಿದು ಪಕ್ಕದಲ್ಲೇ ನಿಂತಿದ್ದ ಗುರುಬಾಯಿಗೆ ಮಾತ್ರ.

"ಸಾಕು ಮಾರಾಯ್ತಿ, ಚೆಂದ ನಿಂತೆ. ನಮಿತಾಳ ಟ್ರೈನ್ ವಿರಾರ್ ದಾಟಿತು."