ನಾಲ್ಕನೆಯ ಸಾಲು

"ಹದಿಮೂರು ತಾರೀಖು ಬರಕೊಟ್ಟಿದ್ದೆ ಪ್ರಾಣೇಶರಾವ್. ಇಲ್ಲಿ ಹನ್ನೆರಡೇ ಅವ," ಎಂದರು ದೌಲತರಾಯ ಮಾಸ್ತರರು, ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ.

ಜೇವರ್ಗಿಯ ಬಸ್ ನಿಲ್ದಾಣದ ಎದುರಿನ ಡಿ.ಟಿ.ಪಿ. ಅಂಗಡಿ ಪ್ರಾಣೇಶನದು. ಮಾಸ್ತರರು ಶಾಲೆಯಿಂದ ನಿವೃತ್ತರಾಗಿ ಈಗ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಾರೆ. ಈ ವಾರ ಯೆಹೆಜ್ಕೇಲ ಪ್ರವಾದಿಯ ಸರದಿ. ಬಾಬಿಲೋನಿಗೆ ಸೆರೆಯಾಗಿ ಹೋದ ಆ ಮನುಷ್ಯ ತನಗೆ ಕಂಡ ದರ್ಶನಗಳಿಗೆ, ಕೇಳಿಸಿದ ದೇವರ ಮಾತುಗಳಿಗೆ ವರ್ಷ, ತಿಂಗಳು, ದಿನ ಹಾಕಿ ಬರೆದಿಟ್ಟಿದ್ದ. ಆ ತಾರೀಖುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿದ ಪಟ್ಟಿ ಮಾಸ್ತರರದು. ಗೋಡೆಗೆ ಹಚ್ಚಲು ದೊಡ್ಡ ಹಾಳೆಯಲ್ಲಿ ಬೇಕಾಗಿತ್ತು.

"ಕಂಪ್ಯೂಟರ್ ತಿಂದಿರಬೇಕ್ರಿ," ಎಂದ ಪ್ರಾಣೇಶ, ಮುಖ ತಿರುಗಿಸಿ.

"ನಡುವಿನ ನಾಲ್ಕನೇದ್ದಷ್ಟೇ ಆರಿಸಿ ತಿಂತೇನು? ನಾ ಓದ್ತೇನಿ, ಹೊಡೀರಿ. ಒಂಬತ್ತನೇ ವರ್ಷ, ಹತ್ತನೇ ತಿಂಗಳು, ಹತ್ತನೇ ದಿನ. ಯೆರೂಸಲೇಮಿಗೆ ಮುತ್ತಿಗಿ. ಈ ದಿನದ ತಾರೀಖು ಬರೆದಿಟ್ಟುಕೋ ಅಂತ ದೇವರ ಅಪ್ಪಣಿ. ಆ ಸಂಜಿ ಪ್ರವಾದಿ ಹೆಣ್ತಿ..."

"ಓದಬ್ಯಾಡ್ರಿ ಮಾಸ್ತರ್ರಿ." ಪ್ರಾಣೇಶ ಅವರ ಕೈಯಿಂದ ಪಟ್ಟಿ ಕಸಿದುಕೊಂಡ. ಹಿರಿಯರ ಎದುರು ಹೀಗೆಲ್ಲ ನಡೆದುಕೊಳ್ಳುವವನಲ್ಲ ಅವನು. "ಇವತ್ತ ಅನುಜಾನ ಆಪರೇಶನ್ ಅದರಿ. ಕಲಬುರಗಿಯೊಳಗ. ಹೊಟ್ಟ್ಯಾಗ ಗಡ್ಡಿ. ಮೂರಕ್ಕ ಒಳಗ ಒಯ್ದಾರ."

"ಹೆಣ್ತಿ ಅಲ್ಲಿ, ನೀವಿಲ್ಲಿ ಏನ್ ಮಾಡಾಕತ್ತೀರಿ?"

"ಆಕೀನ ಬ್ಯಾಡ ಅಂದ್ಳರಿ. ನಿಮ್ಮ ಮಾರಿ ನೋಡಿದ್ರ ನನಗ ಬಿಪಿ ಏರ್ತದ, ಸುಮ್ನ ಅಂಗಡ್ಯಾಗ ಕೂಡ್ರಿ ಅಂದ್ಳು."

ಆಕೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಪ್ರಾಣೇಶನದು ಪುಕ್ಕಲು ಜೀವ. ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದಕ್ಕೇ ಅವನು ಹೆದರಿದ್ದ. ಏನೂ ಇಲ್ಲದಿದ್ದರೆ ಒಂದು ಸಲ ಹೇಳಿದ್ದರೆ ಸಾಲುತ್ತಿರಲಿಲ್ಲವೇ? ಸಾಲದ್ದಕ್ಕೆ ಅವನ ತಾಯಿ ತುಳಸಾಬಾಯಿ ಸಣ್ಣಂದಿನಿಂದ ತಲೆಗೆ ತುಂಬಿದ್ದಳು: ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಕೆಟ್ಟದ್ದು ಆಡಿದ ಗಳಿಗೆಗೆ ಸರಿಯಾಗಿ ಅವರು 'ಅಸ್ತು' ಅಂದುಬಿಟ್ಟರೆ ಅದು ಆಗಿಯೇ ತೀರುತ್ತದೆ. ಆ ಮನೆಯಲ್ಲಿ ಬಳೆ ಒಡೆದರೂ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅಂಥವನ ಕೈಗೆ ಇಂಥ ದಿನವೇ ಇಂಥ ಸಾಲು ಬರಬೇಕೆ? ಹೆಂಡತಿ ಎಂಬ ಮಾತಿನವರೆಗೆ ಟೈಪ್ ಮಾಡಿದವನು, ಮುಂದಿನದು ಓದಿ, ಇಡೀ ಸಾಲನ್ನೇ ಅಳಿಸಿಹಾಕಿದ್ದ.

ಮಾಸ್ತರರಿಗೆ ನಗು ಬಂತು. "ಏನ್ ಮಾರಾಯರ, ದಿನಾ ಬೆಳಗಾದ್ರ ಶ್ರದ್ಧಾಂಜಲಿ ಬ್ಯಾನರ್ ಮಾಡ್ತೀರಿ. ತಾಲೂಕಿನಾಗ ಯಾರ ಸತ್ರೂ ಫೋಟೋಕ್ಕ ಮಾಲಿ ಹಾಕೋರು ನೀವ. ಅವಾಗ ಇಲ್ಲದ ಹೆದರಿಕಿ ಈಗ್ಯಾಕ?"

"ಅವ್ರು ಸತ್ತಮ್ಯಾಲ ಬರ್ತಾರ್ರಿ. ಇದು ಮೊದಲ ತಾರೀಖು ಬರಿ ಅಂತದ."

ಮಾಸ್ತರರ ನಗು ಅಲ್ಲಿಗೇ ನಿಂತಿತು. ಪ್ರಾಣೇಶ ಅನುಜಾಳ ತಮ್ಮ ತುಷಾರನಿಗೆ ಫೋನ್ ಹಚ್ಚಿದ. ಮಧ್ಯಾಹ್ನದಿಂದ ಇದು ಒಂಬತ್ತನೆಯ ಸಲ.

"ಇನ್ನ ಒಳಗ ಇದ್ದಾಳ್ರಿ ಭಾವಾ. ಒಂದ ತಾಸು ಅಂದಿದ್ರು, ಈಗ ಕೇಳಿದ್ರ ಯಾರೂ ಬರೋಬ್ಬರಿ ಹೇಳವಲ್ರು," ಎಂದ ತುಷಾರ. ಅವನ ದನಿಯೂ ಸರಿಯಿರಲಿಲ್ಲ.

ಐದೂವರೆಯಾಗಿತ್ತು. ಹೊರಗೆ ವಿಜಯಪುರದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಬಿಸಿಲು ಎದುರಿನ ಕಟ್ಟಡದ ಎರಡನೆಯ ಮಹಡಿಗೆ ಏರಿತ್ತು. ಸಂಜೆ ಆಗುತ್ತಿದೆ ಎಂಬುದೇ ಪ್ರಾಣೇಶನಿಗೆ ಸಹಿಸಲಾಗದಾಯಿತು.

"ಆಮ್ಯಾಲ ಆತ ಏನ್ ಮಾಡಿದ್ರಿ?" ಎಂದು ಕೇಳಿದ.

"ಯಾರು?"

"ನಿಮ್ಮ ಪ್ರವಾದಿ. ಹೆಣ್ತಿ ಹೋದಮ್ಯಾಲ."

ಮಾಸ್ತರರು ದನಿ ತಗ್ಗಿಸಿದರು. "ಅಳಬ್ಯಾಡ ಅಂತ ಹುಕುಂ ಆಗಿತ್ತು. ಅಳಲಿಲ್ಲ. ರುಂಬಾಲ ಸುತ್ತಿಕೊಂಡ, ಚಪ್ಪಲಿ ಮೆಟ್ಟಿಕೊಂಡ, ಮರುದಿನ ಮುಂಜಾನಿ ಹೇಳಿದ ಕೆಲಸಕ್ಕ ಹತ್ತಿದ."

ಪ್ರಾಣೇಶ ಕೀಬೋರ್ಡಿನ ಮೇಲಿದ್ದ ತನ್ನ ಕೈ ನೋಡಿಕೊಂಡ. ಹೆಂಡತಿಯ ಹೊಟ್ಟೆ ಕೊಯ್ಯುವ ಹೊತ್ತಿನಲ್ಲಿ ತಾನೂ ಕೆಲಸಕ್ಕೇ ಹತ್ತಿದ್ದಾನೆ. ಕಾದ ಹಂಚು ಮುಟ್ಟಿದವನ ಹಾಗೆ ಕೈ ತೆಗೆದ.

"ನಾ ಹೋಗ್ತೇನ್ರಿ. ಬೈದ್ರ ಬೈಲಿ." ಹಾಳೆ ಪ್ರಿಂಟ್ ಹಾಕಿ ಮಾಸ್ತರರ ಮುಂದಿಟ್ಟ. ಮೂರರ ಕೆಳಗೆ, ಐದರ ಮೇಲೆ ಒಂದು ಸಾಲು ಖಾಲಿ ಇತ್ತು. "ಅದನ್ನ ನೀವ ಕೈಲೆ ಬರ್ಕೋರಿ. ತಪ್ಪು ತಿಳೀಬ್ಯಾಡ್ರಿ, ನನ್ನ ಕೈಲೆ ಆಗಂಗಿಲ್ಲ. ಬರಿಯೂ ಹೊತ್ತಿಗೆ ಸರಿಯಾಗಿ ಮ್ಯಾಲಿನವ್ರು ಅಸ್ತು ಅಂದ್ರ?"

"ಅದ್ರಾಗೇನದ, ಕೊಡ್ರಿ ಪೆನ್ನು. ನನ್ನಾಕಿ ಹೋಗಿ ಹನ್ನೊಂದು ವರ್ಷ ಆತು. ನನ್ನ ಕೈಗೆ ಯಾವ ಅಸ್ತು ಏನ್ ಮಾಡ್ತದ?"

ಮಾಸ್ತರರು ಮೇಜಿಗೆ ಬಗ್ಗಿ ಮುದ್ದಾದ ಅಕ್ಷರಗಳಲ್ಲಿ ಬರೆಯತೊಡಗಿದರು. ಪ್ರಾಣೇಶ ಆ ಕಡೆ ನೋಡಲಾರದೆ ಬಾಗಿಲಿಗೆ ಹೋಗಿ ಷಟರ್ ಅರ್ಧ ಎಳೆದು ನಿಂತ. ಹಾಳೆಯ ಮೇಲೆ ಪೆನ್ನಿನ ಸಪ್ಪಳ ಕೇಳುತ್ತಿತ್ತು. ಬರುಬರುತ್ತ ನಿಧಾನವಾಯಿತು. ಆಮೇಲೆ ನಿಂತಿತು.

ಅವನು ತಿರುಗಿ ನೋಡಿದಾಗ ಆ ಸಾಲು 'ಆ ಸಂಜೆ ಪ್ರವಾದಿಯ ಹೆಂಡತಿ' ಎಂಬಲ್ಲಿಗೆ ಬಂದಿತ್ತು. ಮಾಸ್ತರರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

"ಉಳಿದದ್ದು ಅನುಜಾ ತಂಗಿ ಹೊರಗ ಬಂದಮ್ಯಾಲ ಬರೀತೇನಿ," ಎಂದರು. "ನೀವು ಮೊದಲ ಬಸ್ ಹಿಡೀರಿ."